ಕಿರಿಯರದೇ ಮೊದಲ ಮಾತು

ವೇದಿಕೆಯ ನಡುವೆ ಕುಳಿತಿರುವ ಮಾನ್ಯ ಗವರ್ನರ್ ಅವರೇ, ಅವರ ಎಡಬಲದಲ್ಲಿರುವ ಅತಿಥಿಗಳೇ, ಕೇಂದ್ರ ಬ್ಯಾಂಕಿನ ಹಿರಿಯ ಕಿರಿಯ ಸಹೋದ್ಯೋಗಿಗಳೇ, ಕೊನೆಯ ದಿನವಾದರೂ ನಾನು ಬಾಯಿ ತಪ್ಪಿ ಏನಾದರೂ ಹೇಳುತ್ತೇನೇನೋ ಎಂದು ಕಾಯುತ್ತಿರುವ ಪತ್ರಕರ್ತ ಮಿತ್ರರೇ, ಕುರ್ಚಿ ಸಾಲದೆ ಬಾಗಿಲ ಬಳಿ ನಿಂತೇ ಕೇಳುತ್ತಿರುವ ಸಭಿಕರೇ,

ನನ್ನನ್ನು ಬಾಯ್ತುಂಬಾ ಹೊಗಳಿದ್ದೀರಿ. ಸತ್ತವರನ್ನೂ ನಿವೃತ್ತರನ್ನೂ ಯಾರೂ ಬೈಯುವುದಿಲ್ಲ. ಆದರೆ ನಿವೃತ್ತರಿಗೆ ಒಂದು ಅನುಕೂಲವಿದೆ: ಹೊಗಳಿಕೆಯನ್ನು ತಾವೇ ಕೂತು ಕೇಳಬಹುದು, ಎದ್ದು ನಿಂತು ತಿದ್ದಲೂಬಹುದು.

ಪರಿಚಯ ಮಾಡಿಕೊಟ್ಟವರು ನನ್ನನ್ನು ಉಕ್ಕಿನ ಮಹಿಳೆ ಎಂದರು. ದಯವಿಟ್ಟು ಆ ಮಾತು ಬೇಡ. ಉಕ್ಕು ಹೇಗಿರುತ್ತದೆಂದು ನನಗೆ ಗೊತ್ತು, ನಾನು ಗ್ಯಾರೇಜಿನಲ್ಲಿ ಬೆಳೆದವಳು. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಮೀಸೆಯೂ ಸರಿಯಾಗಿ ಮೂಡಿರಲಿಲ್ಲ. ಓದು ಬಿಟ್ಟು ಅಪ್ಪನ ಸ್ಪ್ಯಾನರು ಹಿಡಿದ. ನಾನು ಹಳೆಯ ಟೈರಿನ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದೆ. ಅವನು ಗಾಡಿಯ ಅಡಿಯಿಂದ ತೆವಳಿಕೊಂಡು ಬಂದು ನನ್ನ ಪುಸ್ತಕ ಇಣುಕುತ್ತಿದ್ದ. “ಪುಟ್ಟಿ, ಇದೆಲ್ಲ ನಿಂಗೆ ಅರ್ಥ ಆಗುತ್ತಾ? ಆದ್ರೆ ಸಾಕು ಬಿಡು, ನಂಗೆ ಹೇಳ್ಕೊಡೋಕೆ ಮಾತ್ರ ಬರ್ಬೇಡ,” ಎನ್ನುತ್ತಿದ್ದ. ನನ್ನನ್ನು ಓದಿಸಿದ್ದು ಅವನ ರಟ್ಟೆ. ಇದನ್ನು ಇಲ್ಲಿ ಹೇಳಬೇಕೆಂದುಕೊಂಡು ಬಂದಿರಲಿಲ್ಲ. ಇರಲಿ, ಹೇಳಿಯಾಯಿತು.

ಮುಂದೆ ಅಣ್ಣ ಗ್ಯಾರೇಜಿನವರ ಸಂಘ ಕಟ್ಟಿದ, ಚುನಾವಣೆಗೆ ನಿಂತ, ಗೆದ್ದ, ಗೆದ್ದು ಗೆದ್ದು ಹಣಕಾಸು ಮಂತ್ರಿಯಾದ. ಅಷ್ಟರಲ್ಲಿ ಹಿಂದಿನ ಸರ್ಕಾರ ನನ್ನನ್ನು ಇಲ್ಲಿನ ಬಡ್ಡಿದರ ಸಮಿತಿಗೆ ನೇಮಿಸಿಯಾಗಿತ್ತು. ಒಂದೇ ಗ್ಯಾರೇಜಿನ ಇಬ್ಬರು ಮಕ್ಕಳಲ್ಲಿ ಒಬ್ಬನ ಕಾಲು ಆಕ್ಸಿಲರೇಟರಿನ ಮೇಲೆ, ಒಬ್ಬಳದು ಬ್ರೇಕಿನ ಮೇಲೆ. ಪತ್ರಿಕೆಗಳಿಗೆ ಇನ್ನೇನು ಬೇಕು?

ಹೊರಗಿನ ಅತಿಥಿಗಳಿಗೆ ನಮ್ಮ ಎರಡು ಪದ್ಧತಿಗಳನ್ನು ಹೇಳಿಬಿಡುತ್ತೇನೆ. ಸಭೆಯ ಹಿಂದಿನ ವಾರ ಸಮಿತಿಯವರು ಬಡ್ಡಿಯ ಬಗ್ಗೆ ಹೊರಗೆ ತುಟಿ ಬಿಚ್ಚುವ ಹಾಗಿಲ್ಲ. ಒಮ್ಮೆ ಆ ವಾರದಲ್ಲಿ ತರಕಾರಿಯವನು “ಅಕ್ಕಾ, ರೇಟು ಏರುತ್ತಾ?” ಎಂದದ್ದಕ್ಕೆ ನಾನು ಉತ್ತರ ಕೊಡದೆ ಓಡಿಬಂದೆ. ಪಾಪ, ಆತ ಕೇಳಿದ್ದು ಟೊಮೇಟೊ ರೇಟನ್ನು. ಇನ್ನೊಂದು ಪದ್ಧತಿ, ಸಭೆಯಲ್ಲಿ ಎಲ್ಲರಿಗಿಂತ ಕಿರಿಯರು, ಅಂದರೆ ಸಮಿತಿಗೆ ಕೊನೆಗೆ ಸೇರಿದವರು, ಮೊದಲು ಅಭಿಪ್ರಾಯ ಹೇಳಬೇಕು, ಗವರ್ನರ್ ಕೊನೆಯಲ್ಲಿ. ದೊಡ್ಡವರು ಮೊದಲು ಬಾಯಿ ತೆರೆದರೆ ಉಳಿದವರು ತಲೆಯಾಡಿಸುವುದು ಬಿಟ್ಟು ಮತ್ತೇನು ಮಾಡುತ್ತೇವೆ? ಆಗ ಕಿರಿಯಳು ನಾನು.

ನಮಗೆ ಈ ಸ್ವಾತಂತ್ರ್ಯವನ್ನು ಯಾಕೆ ಕೊಟ್ಟರು? ನಾವು ಜಾಣರೆಂದೇ? ಅಲ್ಲ. ನಾವು ಪ್ರಾಮಾಣಿಕರೆಂದೇ? ಅದನ್ನೂ ನಾನು ಆಣೆ ಮಾಡಿ ಹೇಳಲಾರೆ. ಬಡ್ಡಿ ಇಳಿದರೆ ಸಾಲ ಸಲೀಸು, ಸಾಲ ಸಲೀಸಾದರೆ ಮತ ಸಲೀಸು. ಬೆಲೆ ಏರುವುದು ಆಮೇಲೆ, ಅಷ್ಟರಲ್ಲಿ ಮತ ಎಣಿಕೆ ಮುಗಿದಿರುತ್ತದೆ. ಮತ ಕೇಳಬೇಕಿಲ್ಲದ ನಾಲ್ಕು ಜನ ಎಲ್ಲಾದರೂ ಒಂದು ಕೋಣೆಯಲ್ಲಿ ಕೂತಿರಲಿ ಎಂದು ಕೊಟ್ಟದ್ದು, ಅಷ್ಟೆ. ಶ್ರೀಮಂತ ದೇಶದ ಬ್ಯಾಂಕು ಎಡವಿದರೆ ಅದರ ಬಗ್ಗೆ ಪುಸ್ತಕ ಬರೆಯುತ್ತಾರೆ. ಈಗಷ್ಟೇ ತಲೆಯೆತ್ತುತ್ತಿರುವ ನಮ್ಮಂಥವರು ಎಡವಿದರೆ ಇಲ್ಲಿ ಹಣ ಹಾಕಿದವರು ಬೆಳಗಾಗುವುದರೊಳಗೆ ಗಂಟುಮೂಟೆ ಕಟ್ಟುತ್ತಾರೆ.

ಚುನಾವಣೆ ಹತ್ತಿರ ಬಂತು. ಬೆಲೆಗಳು ಲಂಗುಲಗಾಮಿಲ್ಲದೆ ಏರುತ್ತಿದ್ದವು. ಆ ಮೌನದ ವಾರದಲ್ಲೇ ಅಣ್ಣ ಅತ್ತಿಗೆ ಮನೆಗೆ ಬಂದರು. ಅಣ್ಣ ಚಹಾ ಕುಡಿದ, ನನ್ನ ಕೆಟ್ಟ ಫ್ಯಾನು ಬಿಚ್ಚಿ ರಿಪೇರಿ ಮಾಡಿದ, ಒಂದು ಮಾತೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಅತ್ತಿಗೆ ಕೇಳಿದರು.

“ನಿಮ್ಮಣ್ಣ ಬಾಯಿಬಿಟ್ಟು ಕೇಳೋ ಪೈಕಿ ಅಲ್ಲ ಕಣೇ. ಬಡ್ಡಿ ಒಂಚೂರು ಇಳಿದ್ರೆ ಆ ಗ್ಯಾರೇಜಿನವ್ರೆಲ್ಲ ಉಸಿರಾಡ್ತಾರೆ. ಯಾರ ದುಡಿಮೇಲಿ ದೊಡ್ಡೋಳಾದೆ ಅಂತ ಸ್ವಲ್ಪ ನೆನಪು ಮಾಡ್ಕೋ.”

“ಅತ್ತಿಗೆ, ಈ ವಾರ ಈ ಮಾತು ನಾನು ಕೇಳಿಸ್ಕೊಳ್ಳೋ ಹಾಗೂ ಇಲ್ಲ.”

“ಕೇಳಿಸ್ಕೊಂಡಾಯ್ತಲ್ಲ. ಇನ್ನೇನ್ ಮಾಡ್ತೀಯ?”

ಏನು ಮಾಡಲಿ? ಆಗಿನ ಗವರ್ನರ್ ಹತ್ತಿರ ಹೋಗಿ, ಹೀಗೀಗಾಯಿತು ಸರ್, ನನ್ನನ್ನು ಈ ಸಭೆಯಿಂದ ಬಿಟ್ಟುಬಿಡಿ ಎಂದೆ. ಅವರು ಕನ್ನಡಕ ಒರೆಸುತ್ತಾ, “ನನಗೂ ನನ್ನ ಬೀಗರು ಇದೇ ಮಾತು ಹೇಳಿದ್ದಾರೆ ತಾಯಿ. ಹೇಳಿಸಿಕೊಂಡವರೆಲ್ಲ ಎದ್ದು ಹೋದರೆ ಒಳಗೆ ಮೇಜು ಕುರ್ಚಿ ಮಾತ್ರ ಉಳೀತವೆ. ನಡೀರಿ,” ಎಂದರು.

ಒಳಗೆ ಕೂತೆ. ಮೊದಲ ಮಾತು ನನ್ನದೇ. ಏರಿಸಬೇಕು ಎಂದೆ. ಸುತ್ತು ಮುಗಿದಾಗ ಬಡ್ಡಿ ಏರಿತ್ತು. ಯಾರು ಏನೆಂದರು ಎಂಬುದು ಎಂದಿನಂತೆ ಮಾರನೆಯ ದಿನ ಪ್ರಕಟವಾಯಿತು. ಚುನಾವಣೆಯಲ್ಲಿ ಅಣ್ಣನ ಪಕ್ಷ ಸೋತಿತು, ಅಣ್ಣನೂ ಸೋತ.

ಸೋತದ್ದಕ್ಕೆ ಅವನು ಬೈಯಲಿಲ್ಲ. ಫೋನಿನಲ್ಲಿ ಒಂದೇ ಮಾತು ಹೇಳಿದ. “ಬೇರೆ ಯಾರಾದ್ರೂ ಮಂತ್ರಿ ಆಗಿದ್ರೆ ನೀನು ಅಷ್ಟು ಗಟ್ಟಿಯಾಗಿ ಏರಿಸಿ ಅಂತಿರ್ಲಿಲ್ಲ. ಅಣ್ಣನ ಪರ ಅಂತ ಜನ ಅಂದ್ಕೋತಾರೇನೋ ಅಂತ ನಿನ್ನ ಹೆಸರು ಉಳಿಸ್ಕೊಂಡೆ, ನನ್ನ ಕೈ ಬಿಟ್ಟೆ.”

ಸಭಿಕರೇ, ಇದಕ್ಕೆ ಏನು ಉತ್ತರ ಕೊಡುತ್ತೀರಿ? ಅಂಕಿಅಂಶ ತೋರಿಸುತ್ತೀರಾ? ನಾನು ತೋರಿಸಲು ಹೋದೆ, ಅವನು ಫೋನಿಟ್ಟ. ಆಮೇಲೆ ಹೊಸ ಸರ್ಕಾರದ ಅವಧಿ ಮುಗಿಯುತ್ತಾ ಬರುವವರೆಗೂ ಅವನು ನನ್ನ ಮನೆಗೆ ಕಾಲಿಡಲಿಲ್ಲ. ಮಂತ್ರಿಗಳ ಒತ್ತಡ ತಡೆದುಕೊಳ್ಳಬಹುದು, ಅದಕ್ಕೆ ಕಾನೂನಿದೆ. ಅಣ್ಣ ಮಾತು ಬಿಟ್ಟರೆ ಯಾವ ಕಾನೂನಿದೆ? ನಾನು ಅತ್ತಿದ್ದೇನೆ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಹೊಸ ಹಣಕಾಸು ಮಂತ್ರಿಗಳು ಬಹಳ ಸಿಹಿ ಮಾತಿನವರು. ನನ್ನನ್ನು ಅಮ್ಮ ಅಮ್ಮ ಎನ್ನುತ್ತಿದ್ದರು, ಖಾಲಿಯಾದ ಸ್ಥಾನಗಳಿಗೆ ಮಾತ್ರ ಯಾರನ್ನೂ ನೇಮಿಸುತ್ತಿರಲಿಲ್ಲ. ಹೀಗಾಗಿ ತಲೆ ಪೂರ್ತಿ ಬೆಳ್ಳಗಾದರೂ ಸಮಿತಿಗೆ ನಾನೇ ಕಿರಿಯಳು! ಅವರ ಚುನಾವಣೆಯೂ ಹತ್ತಿರ ಬಂತು, ಬೆಲೆಗಳೂ ಮತ್ತೆ ಏರಿದವು, ಬಡ್ಡಿ ಇಳಿಸಿ ಎಂಬ ಮಾತೂ ಬಂತು. ಸಿಹಿ ಮಾತು ನಡೆಯದಾದಾಗ ‘ಅಣ್ಣನ ಸೋಲಿಗೆ ತಂಗಿಯ ಸೇಡು’ ಎಂದು ಪತ್ರಿಕೆಗಳಲ್ಲಿ ಬರೆಸಿದರು. ಅತ್ತ ದರಿ, ಇತ್ತ ಪುಲಿ. ಅಣ್ಣ ನನ್ನನ್ನು ದ್ರೋಹಿ ಎಂದುಕೊಂಡಿದ್ದ, ಊರೆಲ್ಲ ನಾನು ಅವನ ಪಕ್ಷಪಾತಿ ಎನ್ನುತ್ತಿತ್ತು. ಸಭೆಯಲ್ಲಿ ಮೊದಲು ನಾನು ಬಾಯಿ ತೆರೆದೆ. ಇಳಿಸಬಾರದು, ಏರಿಸಬೇಕು ಎಂದೆ. ಆ ಸಲವೂ ಬಡ್ಡಿ ಏರಿತು.

ಮಾರನೆಯ ಸಂಜೆ ಬಾಗಿಲು ಬಡಿದ ಸದ್ದು. ಅಣ್ಣ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ.

“ಅವನಿಗೂ ಇಲ್ಲ ಅಂದ್ಯಾ?”

“ಇಲ್ಲ ಅಂದೆ ಅಣ್ಣಾ.”

“ಅಷ್ಟೇ ಗಟ್ಟಿಯಾಗಿ?”

“ಅಷ್ಟೇ ಗಟ್ಟಿಯಾಗಿ.”

“ಹಾಗಾದ್ರೆ ಅವತ್ತು ನೀನು ನನ್ನನ್ನ ನೋಡಿ ಹೇಳಿರ್ಲಿಲ್ಲ. ನಾನೇ ಸುಮ್ನೆ ಇಷ್ಟು ವರ್ಷ ಹಾಳು ಮಾಡ್ಬಿಟ್ಟೆ ಪುಟ್ಟಿ,” ಎಂದು ಬಾಗಿಲಲ್ಲೇ ಅತ್ತುಬಿಟ್ಟ. ಒಳಗೆ ಕರೆದು ಕೂರಿಸಿದರೆ ಕಣ್ಣೊರೆಸಿಕೊಂಡು, “ಆದ್ರೂ ನಿನ್ನ ಲೆಕ್ಕ ತಪ್ಪು, ಅವತ್ತು ಬಡ್ಡಿ ಇಳಿಸ್ಬೇಕಿತ್ತು,” ಎಂದು ಶುರು ಮಾಡಿದ. ನಾನು ಬಾಯಿ ಮುಚ್ಚಿಸಿದೆ. ಸಮಿತಿಯಲ್ಲಿ ಇರುವತನಕ ಈ ಮಾತು ಬೇಡ, ನಿವೃತ್ತಳಾದ ದಿನ ನೀನು ಎಷ್ಟು ಬೇಕಾದರೂ ಜಗಳಾಡು, ನಾನೂ ಬಿಡುವುದಿಲ್ಲ ಎಂದೆ.

ನನಗೆ ಮುಂದೇನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಿದ್ದೀರಿ. ಸಲಹೆಗಾರರಾಗುತ್ತೀರಾ, ಪುಸ್ತಕ ಬರೆಯುತ್ತೀರಾ? ಅದೇನೂ ಇಲ್ಲ. ಮೂರನೇ ಸಾಲಿನ ಕೊನೆಯಲ್ಲಿ ಒಬ್ಬ ಮುದುಕ ಕೂತಿದ್ದಾನೆ ನೋಡಿ, ಆಗಲೇ ಎರಡು ಸಲ ಗಡಿಯಾರ ನೋಡಿದ. ಅವನ ಜೊತೆ ಮನೆಗೆ ಹೋಗಿ ಮನಸಾರೆ ಜಗಳವಾಡಬೇಕು. ಈ ಸಲ ಮೊದಲ ಮಾತು ಅವನದು, ಯಾಕೆಂದರೆ ಮನೆಯಲ್ಲಿ ಹಿರಿಯರೇ ಮೊದಲು.

ನನ್ನನ್ನು ಸಹಿಸಿಕೊಂಡ ಗವರ್ನರ್ ಅವರಿಗೂ ಸಹೋದ್ಯೋಗಿಗಳಿಗೂ, ಕಾಲು ನೋವನ್ನು ಲೆಕ್ಕಿಸದೆ ನಿಂತು ಕೇಳಿದ ನಿಮಗೂ ನಾನು ಋಣಿ. ಅಣ್ಣಾ, ಏಳು, ಬಂದೆ. ಎಲ್ಲರಿಗೂ ನಮಸ್ಕಾರ.