ಹವಳಕ್ಕೂ ಹರಕೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಲಾಯ್ ಅವರಾ?... ನಾನು ರೀ, ಬಿ-ಶಿಯಾ. ಫಾಂಗ್ ಅವರ ಹೆಂಡತಿ... ಹಾಂ, ಅದೇ ಫಾಂಗ್. ಎಷ್ಟು ಜನ ಫಾಂಗ್‌ಗಳ ಹತ್ರ ಜಗಳ ಆಡಿ ಮಾತು ಬಿಟ್ಟಿದ್ದೀರಿ ನೀವು?

...

ಅತ್ತಿಗೆ ಅಂತೀರಾ! ಈಗ ನೆನಪಾದ್ಳಾ ಅತ್ತಿಗೆ? ಇರ್ಲಿ, ಕುಶಲ ಕ್ಷೇಮ ಎಲ್ಲ ಆಮೇಲೆ ಕೇಳೋರಂತೆ. ನನಗೊಂದು ತುಂಡು ಹವಳ ಬೇಕು.

...

ಹವಳ ರೀ, ಹವಳ. ಕೊರಳಿಗೆ ಹಾಕೋದಲ್ಲ, ಗಾಜಿನ ತೊಟ್ಟಿಯಲ್ಲಿ ಬೆಳೆಸೋದು. ಹಂಚಿದ ಹವಳ ಉಳಿಯುತ್ತೆ, ಬಚ್ಚಿಟ್ಟಿದ್ದು ಸಾಯುತ್ತೆ ಅಂತ ನಿಮ್ಮ ಹವಳ ಸಾಕೋ ಗುಂಪಿನವರೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ, ಹಾಗಂತಲೇ ನಮ್ಮವರು ನಿಮಗೊಂದು ಕೊಂಬೆ ಮುರಿದು ಕೊಟ್ಟಿದ್ರಲ್ಲ. ನೇರಳೆ ತುದಿದು. ಅದಿನ್ನೂ ಇದ್ಯಾ? ಇಲ್ಲಾ ನಮ್ಮವರು ಅಂತಿದ್ದ ಹಾಗೆ ಮಾರ್ಕೊಂಡ್ಬಿಟ್ರಾ?

...

ಆಯ್ತು, ಆಯ್ತು, ಮಾರಿಲ್ಲ. ನಂಬಿದೆ. ಕಿವಿ ತೂತು ಬೀಳೋ ಹಾಗೆ ಕಿರುಚ್ಬೇಡಿ. ಆ ಜಗಳ ನಿಮ್ಮಿಬ್ಬರದು, ನನ್ನನ್ನ ಯಾಕೆ ಎಳೀತೀರಿ?

...

ಯಾಕೆ ಅಂದ್ರೆ, ನಮ್ಮದು ಬೆಳ್ಳಗಾಗ್ಬಿಟ್ಟಿದೆ. ಒಗೆದು ಹಾಕಿದ ದಿಂಬಿನ ಗವಸಿನ ಹಾಗಿದೆ. ಇಡೀ ಕಾವ್‌ಶಿಯುಂಗ್ ಊರಲ್ಲಿ ಇಂಥ ನೇರಳೆ ಇನ್ಯಾರ ಮನೇಲೂ ಇಲ್ಲ ಅಂತ ಎದೆ ಉಬ್ಬಿಸ್ತಿದ್ರು. ಭಾನುವಾರ ಆಸ್ಪತ್ರೆಯಿಂದ ಬಿಡ್ತಾರೆ ರೀ ಅವರನ್ನ. ಬಂದು ನೋಡಿದ್ರೆ ನಾನೇನು ಹೇಳ್ಲಿ?

...

ಮಾತೇ ಇಲ್ಲ. ಲಕ್ವ ಹೊಡೆದಾಗಿಂದ ಬಾಯಿಂದ ಒಂದಕ್ಷರ ಬಂದಿಲ್ಲ. ನಾನು ಎದುರಿಗೆ ಹೋಗಿ ನಿಂತರೂ ಗೋಡೆ ನೋಡಿದ ಹಾಗೆ ನೋಡ್ತಾರೆ. ಗುರುತು ಸಿಕ್ಕಿದ್ಯೋ ಇಲ್ವೋ, ಅದೂ ತಿಳಿಯಲ್ಲ. ಮಾತು ಕಲಿಸೋಕೆ ಬರೋ ಹುಡುಗಿ ಹೇಳಿದ್ಳು, ಅಮ್ಮಾ, ಮನೆಗೆ ಹೋದ ಮೇಲೆ ಅವರಿಗೆ ತುಂಬಾ ಇಷ್ಟವಾದದ್ದರ ಮುಂದೆ ಕೂರಿಸಿ, ತಾವಾಗೇ ಬಾಯಿ ಬಿಡಬಹುದು ಅಂತ. ಅವರಿಗೆ ಇಷ್ಟವಾದದ್ದು ನಾನಲ್ವಲ್ಲ, ಆ ತೊಟ್ಟಿ! ಅದರ ಮುಂದೆ ಕೂರಿಸಿದಾಗ ಬಿಳೀ ಕಡ್ಡಿಗಳು ನಿಂತಿದ್ರೆ ಬಾಯಿ ಎಲ್ಲಿ ಬಿಡ್ತಾರೆ, ಪ್ರಾಣಾನೇ ಬಿಡ್ತಾರೆ... ಏನು ಕೆಮ್ಮು ಅದು? ನೀರು ಕುಡೀರಿ.

...

ಅಯ್ಯೋ, ನನಗೆ ಪ್ರಶ್ನೆ ಕೇಳ್ಬೇಡಿ. ಒಂದು ತುಂಡು ತಂದು, ಅದೇನೋ ಅಂಟು ಹಾಕಿ ಕಲ್ಲಿಗೆ ಅಂಟಿಸ್ತೀರಲ್ಲ, ಅಂಟಿಸಿ ಹೋಗಿ. ಅಷ್ಟೇ... ಕೇಳಲೇಬೇಕಾ?... ಇರಿ, ಕನ್ನಡಕ ಹಾಕ್ಕೊಳ್ತೀನಿ.

...

ಇಲ್ಲ, ಲೋಳೆ ಬಂದಿಲ್ಲ. ಕಿತ್ತು ಉದುರ್ತಾನೂ ಇಲ್ಲ... ಹತ್ರದಿಂದಲೇ ನೋಡ್ತಿದ್ದೀನಿ ರೀ, ಮೂಗು ಗಾಜಿಗೆ ತಾಗ್ತಿದೆ... ಹಾಂ, ಸಣ್ಣ ಸಣ್ಣ ರೋಮದ ಹಾಗೆ ಏನೋ ಆಡ್ತಿದೆ... ಹಾಂ? ಬದುಕಿದ್ಯಾ? ಬೆಳ್ಳಗಾದ್ರೆ ಸತ್ತ ಹಾಗಲ್ವಾ?... ಬದುಕಿದೆ ಅಂತೀರಾ. ಅಬ್ಬಾ. ಸದ್ಯ.

...

ನೀರಾ? ನೀರಿನ ಮಾತು ಎತ್ತಲೇಬೇಡಿ. ಆ ನೊರೆ ತೆಗೆಯೋ ಯಂತ್ರದ ಬಟ್ಟಲು ಇದೆಯಲ್ಲ, ಅದನ್ನ ದಿನಾ ಉಜ್ಜಿ ತೊಳೀತೀನಿ. ನೀರು ಸೋಸೋ ಇದ್ದಿಲು ಬದಲಾಯಿಸ್ತೀನಿ. ಒಂದು ದಿನ ಬಿಟ್ಟು ಒಂದು ದಿನ ಹೊಸ ನೀರು. ನಮ್ಮವರು ಮನೇಲಿದ್ದಾಗ ಮೂಲೆಯಲ್ಲೆಲ್ಲ ಪಾಚಿ ಕಟ್ಟಿರ್ತಿತ್ತು, ಈಗ ಒಂದು ಚುಕ್ಕೆ ತೋರಿಸಿ ನೋಡೋಣ!

...

ಏನು ತಪ್ಪು? ಶುಚಿ ಮಾಡಿದ್ದು ತಪ್ಪಾ?... ಅತಿ ಶುಚಿ ಅಂತ ಒಂದು ಕಾಯಿಲೆ ಇದ್ಯಾ ಪ್ರಪಂಚದಲ್ಲಿ?... ಸ್ವಲ್ಪ ಕೊಳೆ ಇದ್ರೇನೇ ಬಣ್ಣವಾ? ಮೀನಿನ ಹೇಲು ಬೇಕಾ ಅದಕ್ಕೆ? ಥೂ, ಸಂಜೆ ಹೊತ್ತಲ್ಲಿ ಏನು ಮಾತು ಆಡಿಸ್ತೀರಿ ನನ್ನ ಬಾಯಲ್ಲಿ!

...

ದೀಪ ಪೂರ್ತಿ ಹಾಕಿದ್ದೀನಿ. ಬಣ್ಣ ಇಳೀತಿದೆ ಅಂತ ಇನ್ನೂ ಏರಿಸ್ದೆ... ಬಯ್ಯಿರಿ, ಬಯ್ಯಿರಿ. ನನಗೆ ಯಾರು ಹೇಳಿಕೊಟ್ಟಿದ್ರು? ಮಗನಿಗೆ ಫೋನ್ ಮಾಡಿದ್ರೆ ಯಂತ್ರದ ಪುಸ್ತಕ ನೋಡಮ್ಮ ಅಂತಾನೆ. ಅಂಗಡಿಯವನನ್ನ ಕೇಳಿದ್ರೆ ಒಂದು ಬಾಟಲಿ ಕೈಗಿಟ್ಟು ಕಳಿಸ್ತಾನೆ. ಇವರೋ, ಇಷ್ಟು ವರ್ಷ ಆ ತೊಟ್ಟಿಗೆ ನನ್ನ ಕೈಬೆರಳು ತಾಗೋಕೆ ಬಿಟ್ಟವರಲ್ಲ. ನಿನ್ನ ಕೈಯಲ್ಲಿ ಸೋಪಿನ ವಾಸನೆ, ದೂರ ನಿಲ್ಲು ಅಂತ. ಈಗ ಎಲ್ಲ ನನ್ನ ತಲೆ ಮೇಲೆ!

...

ಮೀನಿಗೆ ಏನು ಹಾಕ್ತೀನಿ ಅಂದ್ರೆ? ಕಡಲ ಪಾಚಿ. ಒಣಗಿಸಿದ್ದು, ಹಾಳೆ ಹಾಳೆ ಸಿಗುತ್ತಲ್ಲ, ಅದನ್ನ ಹರಿದು... ಸಿಗಡಿ ಹಾಕ್ತಿಲ್ಲ... ಇತ್ತು, ಫ್ರಿಜ್ಜಲ್ಲಿ ಒಂದು ರಾಶಿ ಇತ್ತು. ಎಲ್ಲಾ ತೆಗೆದು ಪಕ್ಕದ ಮನೆ ಬೆಕ್ಕಿಗೆ ಹಾಕ್ದೆ.

...

ಹುಚ್ಚು ಹಿಡಿದಿಲ್ಲ ರೀ ನನಗೆ, ಹರಕೆ! ಹರಕೆ ಹೊತ್ತಿದ್ದೀನಿ. ಅವರು ಬಿದ್ದ ಮಾರನೇ ದಿನವೇ ಗುವಾನ್‌ಯಿನ್ ತಾಯಿ ಗುಡಿಗೆ ಹೋಗಿ ಮಂಡಿಯೂರಿ ಹೇಳ್ದೆ. ತಾಯೀ, ಇವರನ್ನ ಉಳಿಸಿಕೊಡು, ಇವರು ಬಾಯ್ತುಂಬ ಮಾತಾಡೋವರೆಗೆ ನಮ್ಮ ಮನೇಲಿ ಒಂದು ಬಾಯಿಗೂ ಮೀನು ಮಾಂಸ ಹೋಗಲ್ಲ ಅಂತ. ಗುಡಿಯಲ್ಲಿ ಇಟ್ಟಿರ್ತಾರಲ್ಲ, ಆ ಜೋಡಿ ಮರದ ತುಂಡು ಎಸೆದು ಒಪ್ಪಿಗೆ ಕೇಳ್ದೆ. ಮೂರು ಸಲ ಎಸೆದರೆ ಮೂರು ಸಲವೂ ಒಂದು ಅಂಗಾತ, ಒಂದು ಬೋರಲು. ತಾಯಿ ಒಪ್ಪಿಕೊಂಡ್ಳು.

...

ನಗ್ತಿದ್ದೀರಾ?... ಮತ್ತೆ? ಒಂದು ಬಾಯಿ ಅಂದ ಮೇಲೆ ಮೀನಿನ ಬಾಯೂ ಬಾಯೇ ಅಲ್ವಾ? ನಾನು ತೋಫು ತಿಂದ್ಕೊಂಡು ಅವುಗಳಿಗೆ ಸಿಗಡಿ ಹಾಕಿದ್ರೆ ದೇವರಿಗೆ ಟೋಪಿ ಹಾಕಿದ ಹಾಗೆ. ಮೊದಲೆರಡು ದಿನ ಮುಖ ತಿರುಗಿಸಿದವು. ಹೊಟ್ಟೆ ಚುರುಗುಟ್ಟಿದ ಮೇಲೆ ತಿಂದವು. ಮೀನುಗಳು ಚೆನ್ನಾಗೇ ಇವೆ. ಹವಳಕ್ಕೂ ಇದಕ್ಕೂ ಏನು ಸಂಬಂಧ? ಅದು ಗಿಡ. ನೀರು, ಬೆಳಕು ಎರಡೂ ಇದೆ.

...

ಗಿಡ ಅಲ್ವಾ?

...

ಬಾಯಿ ಇದ್ಯಾ? ಆ ರೋಮ ರೋಮದ ಹಾಗೆ ಆಡ್ತಿರೋದು... ಒಂದೊಂದೂ ಬಾಯಾ?... ಅಯ್ಯೋ ತಾಯಿ, ಸಾವಿರಾರು ಇವೆಯಲ್ರೀ! ಅಷ್ಟು ಬಾಯಿಗಳನ್ನ ಉಪವಾಸ ಕೆಡವಿದ್ದೀನಾ ನಾನು? ಊಟ ಹಾಕದೆ, ಮೇಲಿಂದ ದೀಪ ಬೇರೆ ಉರಿಸಿ... ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಾಗೆ ಮಾಡಿದ್ನಲ್ಲ!

...

ಸರಿ, ಸರಿ. ಈಗೇನು ಮಾಡೋದು ಹೇಳಿ. ನಿಮ್ಮ ತುಂಡು ತರ್ತೀರಾ?... ಯಾಕೆ ಆಗಲ್ಲ?... ಅದೂ ಬೆಳ್ಳಗಾಗುತ್ತಾ?... ಹಾಗಾದ್ರೆ ಭಾನುವಾರದೊಳಗೆ ಬಣ್ಣ ಬರೋಕೆ ಏನು ಮಾಡ್ಬೇಕು?... ತಿಂಗಳುಗಟ್ಟಲೆ? ತಿಂಗಳುಗಟ್ಟಲೆ ಅಂತ ಎಷ್ಟು ಸಲೀಸಾಗಿ ಅಂತೀರಿ! ನನಗಿರೋದು ಈ ವಾರ.

...

ದೀಪ ಇಳಿಸ್ತೀನಿ. ಆ ಬಟ್ಟಲು ದಿನಾ ತೊಳೆಯಲ್ಲ. ಇದ್ದಿಲು ತೆಗೀತೀನಿ. ಇದೆಲ್ಲ ಆಗುತ್ತೆ. ಸಿಗಡಿ ಮಾತ್ರ ಆಗಲ್ಲ... ಪುಡಿ ಮಾಡಿದ್ರೂ ಸಿಗಡಿ ಸಿಗಡಿಯೇ... ಕದ್ದು ಹಾಕೋದಾ? ಆ ತಾಯಿಗೆ ಸಾವಿರ ಕಣ್ಣು ರೀ, ಯಾವ ಕಣ್ಣು ತಪ್ಪಿಸಿ ಹಾಕ್ಲಿ?... ಮತ್ತೆ ಹೋಗಿ ಮರದ ತುಂಡು ಎಸೆದು ಕೇಳೋದಾ? ಕೊಟ್ಟ ಮಾತನ್ನ ವಾಪಸ್ ಕೊಡು ಅಂತ ಯಾವ ಮುಖ ಹೊತ್ತು ಕೇಳ್ಲಿ? ಇವರಿನ್ನೂ ಒಂದು ಮಾತೂ ಆಡಿಲ್ಲ.

...

ಹವಳ ಸಾಯುತ್ತೆ ಅಂತ ನನಗೂ ಅರ್ಥ ಆಗುತ್ತೆ! ಅದು ಸತ್ತರೆ ಇವರು ಉಳಿಯಲ್ಲ, ಹರಕೆ ಮುರಿದರೂ ಇವರು ಉಳಿಯಲ್ಲ. ಅತ್ತ ದರಿ, ಇತ್ತ ಪುಲಿ. ಮಧ್ಯ ನಾನು, ಕೈಯಲ್ಲಿ ಒಂದು ಹಾಳೆ ಪಾಚಿ ಹಿಡ್ಕೊಂಡು ನಿಂತಿದ್ದೀನಿ... ಅಳ್ತಿಲ್ಲ. ನೆಗಡಿ.

...

ಏನೂ ಆಗಲ್ಲ ಅಂತ ಅಷ್ಟು ಖಡಾಖಂಡಿತ ಹೇಗೆ ಹೇಳ್ತೀರಿ? ನೀವೇನು ದೇವರ ಕಾರ್ಯದರ್ಶಿನಾ?... ಹಾಂ?... ಏನಂದ್ರಿ?... ಹರಕೆ ಆಗಲೇ ಮುರಿದಿದ್ಯಾ? ಯಾರು ಮುರಿದ್ರು?

...

ಲಾಯ್, ಗೊಣಗಬೇಡಿ. ಬಾಯಿ ಬಿಟ್ಟು ಹೇಳಿ.

...

ಆಸ್ಪತ್ರೆಗೆ ಹೋಗ್ತಿದ್ದೀರಾ? ನೀವಾ? ಮಾತು ಬಿಟ್ಟಿದ್ರಿ ಇಬ್ಬರೂ!... ನಾನು ಡಬ್ಬ ಕೊಟ್ಟು ಹೊರಟ ಮೇಲೆ?... ಮೀನಿನ ಗಂಜಿ! ನನ್ನ ಗಂಡನಿಗೆ! ಅಯ್ಯೋ ಪಾಪಿ! ಅದಕ್ಕೇ ನನ್ನ ಅಣಬೆ ಸಾರು ಅರ್ಧಕ್ಕರ್ಧ ವಾಪಸ್ ಬರ್ತಿತ್ತು! ಅಯ್ಯೋ ಹಸಿವಿಲ್ಲ, ಸೊರಗ್ತಿದ್ದಾರೆ ಅಂತ ನಾನು ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡಿದ್ದೀನಿ. ನೀವಿಬ್ಬರೂ ಒಳಗೆ ಮೀನು ಬಾರಿಸ್ತಿದ್ರಾ?

...

ಅವರೇ ಕೇಳಿದ್ರಾ? ಹೇಗೆ ಕೇಳಿದ್ರು? ಬಾಯೇ ಬರಲ್ಲ ಅವರಿಗೆ... ಬಟ್ಟಲು ತೋರಿಸಿ?... ಆಮೇಲೆ?

...

ಮಾತಾಡಿದ್ರಾ?

...

ಸುಳ್ಳು. ನನ್ನನ್ನ ಒಪ್ಪಿಸೋಕೆ ಸುಳ್ಳು ಹೇಳ್ತಿದ್ದೀರಿ... ನಿಮ್ಮ ಮಕ್ಕಳ ಆಣೆಗೂ?... ಯಾವಾಗ?... ಮೊನ್ನೆ!... ಏನಂದ್ರು?

...

"ಸಪ್ಪೆ" ಅಂದ್ರಾ?

...

ಸಪ್ಪೆ... ಅವರೇ. ಅನುಮಾನವೇ ಇಲ್ಲ, ಅವರೇ ಆಡಿದ್ದು. ಮದುವೆಯಾದ ಮಾರನೇ ದಿನ ನಾನು ಮಾಡಿದ ಸಾರಿಗೂ ಇದೇ ಮಾತು. ಅಯ್ಯೋ ತಾಯಿ... ಇರಿ, ಒಂದು ನಿಮಿಷ ಇರಿ... ಇದೀನಿ. ಕೂತ್ಕೊಂಡೆ.

...

ನಿಮ್ಮನ್ನ ಏನು ಮಾಡಿದ್ರೂ ಪಾಪ ಇಲ್ಲ! ಎರಡು ದಿನ ರೀ! ಎರಡು ದಿನ ನಾನು ಅವರ ಎದುರು ಕೂತು ಆ ಅನ್ನಿ, ಆ ಅನ್ನಿ ಅಂತ ಮಗೂಗೆ ಹೇಳಿದ ಹಾಗೆ ಬಾಯಿ ತೆರೆದು ತೋರಿಸ್ತಿದ್ದೀನಿ. ನಿಮಗೆ ಒಂದು ಫೋನ್ ಮಾಡೋಕಾಗ್ಲಿಲ್ವಾ? ಮೀನು ತಿನ್ನಿಸಿದ್ದು ಗೊತ್ತಾಗುತ್ತೆ ಅಂತ ಹೆದರಿಕೆನಾ? ಹೆದರಬೇಕು! ಸಿಕ್ಕಿ ನೋಡಿ, ಇದೆ ನಿಮಗೆ!

...

ಹಾಂ... ಹಾಂ. ತಾಯಿ ಮುನಿದಿಲ್ಲ ಅನ್ನೋದು ನನಗೂ ಕಾಣ್ತಿದೆ. ಮೀನು ತಿಂದ ಬಾಯಿಂದಲೇ ಮಾತು ತೆಗೆಸಿದ್ದಾಳೆ ಅಂದ ಮೇಲೆ ನಾನೇನು ಹೇಳ್ಲಿ? ನಾನು ತೋಫುನಲ್ಲೇ ಇರ್ತೀನಿ, ಬಾಯ್ತುಂಬ ಮಾತು ಅಂದಿದ್ದೆ, ಇನ್ನೂ ಒಂದೇ ಮಾತು ಬಂದಿರೋದು. ನೀವು ಆ ಸಿಗಡಿ ಪುಡಿ ತಗೊಂಡು ಬನ್ನಿ. ಪಾಪದ ಬಾಯಿಗಳು, ತಿನ್ನಲಿ... ಈಗಲೇ ಬನ್ನಿ. ಬಣ್ಣ ಬಂದಾಗ ಬರ್ಲಿ. ಭಾನುವಾರ ಬೆಳ್ಳಗೇ ನೋಡ್ಲಿ, ಬೈಯ್ಲಿ ನನ್ನನ್ನ. ಬೈಯ್ಲಿ ಅಂತಲೇ ಕಾಯ್ತಿದ್ದೀನಿ.

...

ಇನ್ನೇನು? ಇನ್ನೂ ಏನೋ ಇದ್ಯಾ?... ಇನ್ನೊಂದು ಮಾತೂ ಆಡಿದ್ರಾ?... ತಪ್ಪು ತಿಳ್ಕೊಳ್ಳಲ್ಲ, ಹೇಳಿ.

...

"ಅವಳಿಗೆ ಹೇಳಬೇಡ" ಅಂದ್ರಾ?

...

ಹಾಗೇ ಅಂದ್ರಾ? ಬಿಡಿಸಿ ಬಿಡಿಸಿ?... ಅವಳು ಅಂದ್ರೆ ನಾನೇ ತಾನೇ? ಇನ್ಯಾರಿಗೆ ಹೆದರ್ತಾರೆ ಅವರು?... ಹಾಗಾದ್ರೆ ನನ್ನ ಗುರುತಿದೆ ಅವರಿಗೆ. ಗೋಡೆ ಅಲ್ಲ ನಾನು... ಲಾಯ್, ಇನ್ನೊಂದ್ಸಲ ಹೇಳಿ. ಅವರು ಅಂದ ಹಾಗೇ ಹೇಳಿ, ನಿಧಾನಕ್ಕೆ... ಹಲೋ?... ಕೇಳಿಸ್ತಿಲ್ಲ ರೀ, ಲೈನು ಕಟ್ ಆಗ್ತಿದೆ... ಹಲೋ? ಲಾಯ್?... ಹಲೋ...