ವಿಠಲನ ಪಾಲಿನ ಚಟ್ನಿ

ದೂರದ ಯುದ್ಧ ಸ್ಮಾರಕಕ್ಕೆ ಹೋಗಿಬಂದ ಇಬ್ಬರು ಮಾಜಿ ಸೈನಿಕರು ಹಾಲಾಡಿ ಬಸ್ ಸ್ಟ್ಯಾಂಡಿನಲ್ಲಿ ದಾರಿಗಡ್ಡ ಕಾಲು ಚಾಚಿ ಕೂತಿದ್ದರು. ಬಸ್ಸಿಗೆಂದು ಬಂದು ಆ ಕಾಲಿಗೆ ಎಡವಿದ ಶೇಖರ ಬೈಯಲು ಬಾಯಿ ತೆರೆದವನು, ಅವರ ಮಾತು ಕಿವಿಗೆ ಬಿದ್ದು ಸುಮ್ಮನೆ ನಿಂತ.

“ಜಯಕರ, ಗುಲಾಬಿಯಕ್ಕನ ಹತ್ರ ಎಂತ ಹೇಳುದಾ? ವಿಠಲನ ಹೆಸ್ರ್ ಕೆತ್ತಿದ್ ಕಲ್ಲಿನ ಎದ್ರಿಗೆ ತಮ್ಮಂಗೆ ಎಡೆ ಇಡಿ ಅಂದೇಳಿ ಸಿಗಡಿ ಚಟ್ನಿ ಕಟ್ಟಿ ಕೊಟ್ಟಿದ್ರ್.”

“ಅಲ್ಲಿ ತಿಂಬುದ್ ಇಡುಕಿಲ್ಲ ಅಂದ್ರ್ ಅಂತ ಹೇಳ್ವ, ರಘುರಾಮಣ್ಣ.”

“ಮತ್ತೆ ಡಬ್ಬಿ ಖಾಲಿ ಎಂತಕ್ಕೆ ಅಂತ ಕೇಂಡ್ರೆ?”

“ಗೇಟಿನ ಹೊರ್ಗೆ ಕೂಕಂಡ್ ನಾವೇ ತಿಂದ್ವ್ ಅಂದ್ರಾಯ್ತ್.”

“ಹ್ವಾಯ್, ನೀ ತಿಂದದ್ದಾ? ಕಣ್ಣೀರ್ ಹಾಕಿ ಮರ್ಕದ್ದೇ ಜಾಸ್ತಿ.”

“ನಿಮ್ ಕಣ್ಣಂಗೆ ನೀರ್ ಖಾರಕ್ಕ್ ಬಂದದ್ದಾ?”

ರಘುರಾಮ ಟವೆಲಿನಿಂದ ಮುಖ ಒರೆಸಿಕೊಂಡರು.

“ಅಕ್ಕ ಬೈತ್ರ್ ಮಾರಾಯ.”

“ಬೈಲಿ. ವಿಠಲ ಬದ್ಕಿ ಇಪ್ಪತಿಗೂ ಹಂಗೇ ಅಲ್ದಾ? ಅಕ್ಕ ಅವ್ನಿಗೆ ಅಂತ ಕಳ್ಸುದ್, ನಾವ್ ತಿಂಬುದ್.”

“ಆಗ ಅವ ಎದ್ರಿಗ್ ಕೂಕಂಡ್ ನೆಗಾಡ್ತಿದ್ದ.”

ಅಕ್ಕನ ಊರಾದ ಕೊಕ್ಕರ್ಣೆಯ ಬಸ್ಸು ಬಂದು ನಿಂತರೂ ಇಬ್ಬರೂ ಏಳಲಿಲ್ಲ. ಕಂಡಕ್ಟರ್ ಎರಡನೇ ಸಲ ಕೂಗಿದಾಗ ಜಯಕರ ಎದ್ದು, ರಘುರಾಮರ ರಟ್ಟೆ ಹಿಡಿದು ಎಬ್ಬಿಸಿ ಬಸ್ಸು ಹತ್ತಿಸಿದ.