ಕಡ್ಡಿಯನ್ನು ಕೇಳಿದವನು

ಈ ದೃಷ್ಟಾಂತವನ್ನು ಮೊದಲು ಹೇಳಿದವರು ಶಿವಬಸಯ್ಯ ಸಾಲಿಮಠ ಅವರು. ಹೇಳಿದ್ದು ಎಪ್ಪತ್ತೊಂದನೆಯ ಇಸವಿಯ ಶ್ರಾವಣದಲ್ಲಿ, ಮಲಪ್ರಭೆಯ ದಂಡೆಯ ಒಂದು ಸಣ್ಣ ಮಠದ ಪ್ರವಚನದಲ್ಲಿ. ಕವಲುಕಡ್ಡಿ ಹಿಡಿದು ನೆಲದೊಳಗಿನ ಬಂಗಾರ ತೋರಿಸುತ್ತೇನೆನ್ನುವವನೊಬ್ಬ ಆಗ ಸುತ್ತಲಿನ ಹಳ್ಳಿಗಳಲ್ಲಿ ತಿರುಗುತ್ತಿದ್ದ. ಪ್ರವಚನದ ನಡುವೆ ಫಕೀರಪ್ಪನೆಂಬ ರೈತ ಎದ್ದು ನಿಂತು ಕೇಳಿದ:

"ಅಯ್ಯಾವ್ರ, ಆ ಕಡ್ಡಿ ಖರೇನ ಬಂಗಾರ ತೋರಸ್ತೈತೇನ್ರಿ? ನಾಳೆ ನಮ್ಮನಿಗೆ ಬಾ ಅಂತ ಹೇಳೇನಿ."

ಅವನ ತಮ್ಮನೂ ಅದೇ ಸಭೆಯಲ್ಲಿದ್ದ, ಕಂಬದ ಆಚೆ, ಮುಖ ತಿರುಗಿಸಿಕೊಂಡು. ತಂದೆ ತೀರಿದ ಮೇಲೆ ಅವರಿಬ್ಬರಿಗೂ ಮಾತಿಲ್ಲವೆಂಬುದು ಊರಿಗೆಲ್ಲ ತಿಳಿದ ಸಂಗತಿ. ಅಯ್ಯನವರು ಫಕೀರಪ್ಪನನ್ನು ನೋಡಿದರು, ಕಂಬದ ಕಡೆಗೊಮ್ಮೆ ನೋಡಿದರು, ಮುಂದಿದ್ದ ಪುಸ್ತಕವನ್ನು ಮುಚ್ಚಿ ಕಥೆಗೆ ತೊಡಗಿದರು.

ಊರು ಯಾವುದೆಂದು ಕೇಳಬೇಡಿ. ಕೇಳಿದರೆ ನಿಮ್ಮದೇ ಎನ್ನಬೇಕಾದೀತು. ಆ ಊರಲ್ಲೊಬ್ಬ ಸಿರಿವಂತ. ಹೊಲವಿತ್ತು, ದನವಿತ್ತು, ತಂದೆ ಕಟ್ಟಿಸಿದ ದೊಡ್ಡ ಮನೆಯಿತ್ತು. ಇರದಿದ್ದುದು ಒಂದೇ, ನಂಬಿಕೆ. ಹಾಲಿನ ಗಡಿಗೆಯ ಒಳಗೆ ಇದ್ದಿಲಿನಿಂದ ಗೆರೆ ಎಳೆದಿಡುತ್ತಿದ್ದ. ಬೆಕ್ಕು ಕುಡಿದರೂ ಗೊತ್ತಾಗಲಿ ಎಂದು. ದೇವರ ಮುಂದೆ ಕೈಮುಗಿದು ನಿಂತಾಗಲೂ ಒಂದೇ ಕಣ್ಣು ಮುಚ್ಚುತ್ತಿದ್ದ. ಇನ್ನೊಂದು ಕಣ್ಣು ಎಲ್ಲಿರುತ್ತಿತ್ತು? ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮೇಲೆ! ನಗುತ್ತೀರಿ. ನಗಿ, ನಗಿ. ಈಗ ನೀವು ಎಷ್ಟು ಸಲ ಬಾಗಿಲ ಕಡೆ ನೋಡಿದಿರೆಂದು ನಾನೂ ನೋಡಿದ್ದೇನೆ.

ಆ ಮನೆಯ ಹಿಂಭಾಗದ ಕೋಣೆಯಲ್ಲಿ ಅವನ ಅಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ತನ್ನ ಒಲೆ, ತನ್ನ ರೊಟ್ಟಿ, ತನ್ನ ಪಾಡು. ತಾಯಿಯ ಕೊನೆಗಾಲದಲ್ಲಿ ಹಗಲಿರುಳು ಹತ್ತಿರವಿದ್ದವಳು ಅವಳೇ. ತಾಯಿ ಕಣ್ಣುಮುಚ್ಚಿದ ಮೇಲೆ ಪೆಟ್ಟಿಗೆ ತೆರೆದರೆ, ಚಿನ್ನದ ಡಾಬು ಇಲ್ಲ. ಮದುವೆಯಲ್ಲಿ ತಾಯಿ ನಡುವಿಗೆ ಕಟ್ಟಿಕೊಂಡಿದ್ದಳೆಂದು ಊರವರು ಹೊಗಳುತ್ತಿದ್ದ ಡಾಬು! ಯಾರು ತೆಗೆದರು? ಸಿರಿವಂತ ಅಕ್ಕನ ಮುಖ ನೋಡಿದ. ಕೇಳಲಿಲ್ಲ. ಅಕ್ಕ ನಕ್ಕರೆ, ಸಿಕ್ಕಿಬೀಳಲಿಲ್ಲವೆಂದು ನಗುತ್ತಾಳೆ ಅಂದುಕೊಂಡ. ಅತ್ತರೆ, ನಟಿಸುತ್ತಾಳೆ ಅಂದುಕೊಂಡ. ಆದರೂ ಕೇಳಲಿಲ್ಲ. ವರ್ಷಗಳು ಹೀಗೇ ಹೋದವು.

ಒಂದು ದಿನ ಕಡ್ಡಿಯವನು ಬಂದ. ಬೇವಿನ ಹಸಿ ಕವಲು, ಎರಡು ತುದಿ ಎರಡು ಮುಷ್ಟಿಯಲ್ಲಿ, ಮೂರನೆಯದು ಮುಂದಕ್ಕೆ. ಬಂಗಾರ ಹೂತಲ್ಲಿ ಅದು ತಾನಾಗಿ ಕೆಳಗೆ ಬಾಗುತ್ತದಂತೆ. ಸಿರಿವಂತನಿಗೆ ಅವನ ಮೇಲೂ ಸಂಶಯ. ಕಡ್ಡಿಯವನೇನು ದಡ್ಡನೆ?

"ನಾ ಹಿಡದ್ರ ಮೋಸ ಅಂತೀರಿ ಧಣ್ಯಾರ. ತಗೋರಿ, ನೀವ ಹಿಡೀರಿ."

ಸಿರಿವಂತ ಹಿಡಿದ. ಉಂಗುರ ತೊಟ್ಟ ಬೆರಳುಗಳಿಂದ ಬಿಗಿಯಾಗಿ ಹಿಡಿದ. ತಲೆಬಾಗಿಲಿನ ಹೊಸ್ತಿಲು ದಾಟಿ ಅಂಗಳಕ್ಕೆ ಹೋದ, ಕಡ್ಡಿ ಅಲುಗಲಿಲ್ಲ. ದನದ ಕೊಟ್ಟಿಗೆಯಲ್ಲಿ ಅಲುಗಲಿಲ್ಲ. ಮತ್ತೆ ಹೊಸ್ತಿಲು ದಾಟಿ ಪಡಸಾಲೆಗೆ ಬಂದ, ಇಲ್ಲ. ಆಮೇಲೆ ಹಿಂಭಾಗದ ಕೋಣೆಯ ಕಡೆ ತಿರುಗಿದ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಹತ್ತಿರ ಹೆಜ್ಜೆಯಿಟ್ಟ. ಅಂಗೈಯಲ್ಲಿ ಕಡ್ಡಿ ಹೊರಳಿತು, ಹಾವಿನ ಹೆಡೆ ಬಿದ್ದಂತೆ ಬಿತ್ತು. ಅವನು ಬಾಗಿಸಿರಲಿಲ್ಲ. ಆಣೆಯಿಟ್ಟು ಹೇಳಬಲ್ಲವನಾಗಿದ್ದ, ತಾನು ಬಾಗಿಸಿರಲಿಲ್ಲ!

ನೋಡಿ, ಅವನು ಸುಳ್ಳು ಹೇಳುತ್ತಿರಲಿಲ್ಲ. ಬಿಗಿಹಿಡಿದ ಹಸಿ ಕಡ್ಡಿ ಅದು. ಮುಂಗೈ ಕೂದಲೆಳೆಯಷ್ಟು ಹೊರಳಿದರೆ ತುದಿ ಗೇಣುದ್ದ ಬೀಳುತ್ತದೆ. ಹೊರಳಿದ್ದು ಕೈಗೇ ತಿಳಿಯುವುದಿಲ್ಲ. ಮನಸ್ಸು ಎಲ್ಲಿ ಬಾಗಿತ್ತೋ ಕೈ ಅಲ್ಲಿ ಬಾಗಿತು, ಕೈ ಬಾಗಿದಲ್ಲಿ ಕಡ್ಡಿ ಬಾಗಿತು.

"ಏಳು," ಎಂದ ಅಕ್ಕನಿಗೆ. "ಒಲಿ ಅಗೀಬೇಕು."

ಹೆಣ್ಣುಮಗಳ ಉರಿಯುವ ಒಲೆಗೆ ಹಾರೆ ಹಾಕುವುದೆಂದರೇನು, ತಾಯಂದಿರೇ, ನಿಮಗೆ ನಾನು ಹೇಳಬೇಕೆ? ಅವಳು ಹಂಚು ಇಳಿಸಿದಳು, ಕೊಳ್ಳಿ ಹಿರಿದು ನೀರು ಚಿಮುಕಿಸಿದಳು, ಪಕ್ಕಕ್ಕೆ ಸರಿದಳು. ಅಗೆದ. ಸಿಕ್ಕಿದ್ದೇನು? ಬೂದಿ, ಕಲ್ಲು, ಒಂದು ಇಲಿಯ ಬಿಲ.

"ಬಂಗಾರ ಜಾಗಾ ಬದಲಸೈತ್ರಿ," ಎಂದ ಕಡ್ಡಿಯವನು. "ಇನ್ನಷ್ಟು ಆಳಕ್ಕ ಇಳದೈತಿ."

ಆಗ ಅಕ್ಕ ಬಾಯಿಬಿಟ್ಟಳು. "ತಮ್ಮಾ, ಏನ ಹುಡುಕಾಕತ್ತೀದಿ?"

"ಅವ್ವನ ಡಾಬು."

"ಅಷ್ಟಕ್ಕ ನನ್ನ ಒಲಿ ಕೆಡವಿದ್ಯಾ? ನನ್ನ ಒಂದ ಮಾತ ಕೇಳಬಾರದಿತ್ತೇನೋ?"

"ಕೇಳಿದ್ರ ಹೇಳ್ತಿದ್ಯಾ?"

"ಈಗ ಹೇಳ್ತೀನಲ್ಲ, ಕೇಳು. ಈ ಮನಿ ತಲಬಾಗಿಲ ಹೊಸ್ತಿಲ ಕೂಡಸುವಾಗ ನೀ ಕೂಸು, ನನ್ನ ಬಗಲಾಗಿದ್ದಿ. ಹೊಸ್ತಿಲ ಬುಡಕ ಅರಿಷಿಣ, ಹವಳ, ಒಂದ ಚೂರು ಬಂಗಾರ ಇಡೋದು ಎಲ್ಲಾರ ಪದ್ಧತಿ. ಅವ್ವ ಡಾಬು ಪೂರ್ತಿ ಇಟ್ಟಳು. ಮುಂದ ನನ್ನ ಮಕ್ಕಳು ಇದಕ್ಕ ಜಗಳಾಡಬಾರದು, ಮನಿಯಂತ ಮನೀನ ಇದರ ಮ್ಯಾಲ ನಿಂದರ್ಲಿ ಅಂದಳು. ಆ ಕಡ್ಡಿ ಹಿಡಕೊಂಡು ಹೊಸ್ತಿಲ ದಾಟಿದೆಲ್ಲ, ಹೋಗೂಮುಂದ ಒಮ್ಮೆ, ಬರೂಮುಂದ ಒಮ್ಮೆ? ಅಲುಗಿತೇನು? ಹೋಗ್ಲಿ, ನಿನ್ನ ಬೆರಳಾಗಿನ ಉಂಗರದ ಕಡೆನಾದ್ರೂ ತಿರುಗಿ ನೋಡಿತೇನು?"

ಕಡ್ಡಿಯವನು ಮೆಲ್ಲಗೆ ತನ್ನ ಕಡ್ಡಿ ಎತ್ತಿಕೊಂಡು, ಅದೇ ಹೊಸ್ತಿಲು ದಾಟಿ ಹೊರಟುಹೋದ. ಆಗಲೂ ಅದು ಅಲುಗಲಿಲ್ಲ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಸಿರಿವಂತ ಹಾರೆ ಕೆಳಗಿಟ್ಟು, ಕೆಡವಿದ ಒಲೆಯನ್ನು ತಾನೇ ಮೆತ್ತಿಕೊಟ್ಟಿದ್ದರೆ ಮುಗಿಯುತ್ತಿತ್ತು. ಇಟ್ಟನೇ? ಸಂಶಯ ಅಷ್ಟು ಸುಲಭವಾಗಿ ಇಳಿಯುವ ಹೊರೆಯೇ? ಇವಳು ಹೇಳುವುದು ನಿಜವೆಂದು ಹೇಗೆ ತಿಳಿಯಬೇಕು ಎಂದುಕೊಂಡು, ಹಾರೆ ಹಿಡಿದು ತಲೆಬಾಗಿಲಿಗೆ ನಡೆದ.

ಅಕ್ಕ ಹಿಂದೆಯೇ ಬಂದಳು. "ನನ್ನ ಮಾತ ನಂಬಿದ್ರ ಹಾರಿ ಇಡು. ನಂಬದಿದ್ರ ಅಗಿ, ಬ್ಯಾಡ ಅನ್ನೂದಿಲ್ಲ. ಆದ್ರ ಅವ್ವ ಇಟ್ಟ ಹೊಸ್ತಿಲ ಎದ್ದ ಮ್ಯಾಲ ನಾ ಈ ಮನ್ಯಾಗ ನಿಂದರೂದಿಲ್ಲ."

ಅವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಹಾರೆ ಹೊಸ್ತಿಲ ಬುಡಕ್ಕೆ ಬಿತ್ತು.

ಹೊಸ್ತಿಲು ಎದ್ದಿತು. ಮಣ್ಣಿನಲ್ಲಿ ಜೀರ್ಣವಾದ ರೇಷ್ಮೆ, ರೇಷ್ಮೆಯೊಳಗೆ ಡಾಬು. ಒಂದಿಷ್ಟೂ ಮಾಸಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಅಕ್ಕಾ, ಖರೇನ ಐತಿ!" ಎಂದು ಕೂಗಿ ತಿರುಗಿದ. ಅವನು ಕುಣಿಯೊಳಗೆ ಬಗ್ಗಿದ್ದಾಗಲೇ ಅವಳು ರೊಟ್ಟಿಯ ಹಂಚನ್ನು ಕಂಕುಳಲ್ಲಿ ಹಿಡಿದು, ಹೊಸ್ತಿಲಿಲ್ಲದ ಆ ಬಾಗಿಲನ್ನು ದಾಟಿ ಹೋಗಿಬಿಟ್ಟಿದ್ದಳು. ಡಾಬು ಹಿಡಿದು ಊರ ಅಗಸೆಬಾಗಿಲವರೆಗೆ ಓಡಿದ. ಯಾವ ದಾರಿಗೆ ಹೋದಳೆಂದು ತೋರಿಸುವ ಕಡ್ಡಿ ಅವನ ಹತ್ತಿರ ಇರಲಿಲ್ಲ.

ಕಡ್ಡಿ ಬಂಗಾರ ತೋರಿಸುತ್ತದೆಯೇ ಎಂದು ಕೇಳಿದೆಯಲ್ಲ ಫಕೀರಪ್ಪಾ? ನಿನ್ನ ಉಂಗುರವನ್ನು ನೀನೂ ಕಾಣದಂತೆ, ಆ ಕಡ್ಡಿಯವನೂ ಕಾಣದಂತೆ, ಬೇರೆ ಯಾರಾದರೂ ಹೊಲದಲ್ಲಿ ಹೂಳಲಿ. ಆಮೇಲೆ ಅವನನ್ನು ಕರೆಸು. ಹೂತ ಜಾಗವನ್ನೇ ತೋರಿಸಿದರೆ ಈ ಮಠದಲ್ಲೇ ಅವನಿಗೆ ಶಾಲು ಹೊದಿಸೋಣ. ತಪ್ಪಿದರೆ? ಆಗ ಅವನನ್ನು ಬಿಟ್ಟು, ನಾವು ಹಿಡಿದಿರುವ ಕಡ್ಡಿಗಳನ್ನು ನೋಡಿಕೊಳ್ಳೋಣ.

ಹಿಡಿದಿಲ್ಲವೇ ನಾವು? ಮನೆಯಲ್ಲಿ ಒಂದು ಬೆಂಡೋಲೆ ಕಾಣದಿದ್ದರೆ ಕಣ್ಣು ಮೊದಲು ಹೋಗುವುದೆಲ್ಲಿಗೆ? ಸೊಸೆಯ ಗಂಟಿಗೆ, ಆಳಿನ ಮಡಿಲಿಗೆ, ತಮ್ಮನ ಬಾಗಿಲಿಗೆ. ಹುಡುಕುವ ಮೊದಲೇ ಬಾಗಿರುತ್ತೇವೆ. ನಾಳೆ ಬೆಳಿಗ್ಗೆಯಿಂದ ಇಷ್ಟು ಮಾಡಿ. ಯಾರ ಮೇಲೆ ಸಂಶಯವಿದೆಯೋ ಅವರೆದುರು ಕುಳಿತು, ಅವರ ಮುಖ ನೋಡಿ, ಅವರನ್ನೇ ಕೇಳಿ. ನೆರೆಮನೆಯವರನ್ನು ಕೇಳಬೇಡಿ, ಶಕುನ ಕೇಳಬೇಡಿ, ಕಡ್ಡಿಯನ್ನು ಕೇಳಬೇಡಿ. ಉತ್ತರ ಬಂದ ಮೇಲೆ, ಇದು ಇನ್ನೂ ಕಷ್ಟದ್ದು, ಹಾರೆ ಕೆಳಗಿಡಿ.

ಅಯ್ಯನವರು ಅಷ್ಟಕ್ಕೆ ನಿಲ್ಲಿಸಿದರು. ಮಂಗಳಾರತಿಯಾಯಿತು. ಜನರು ಎದ್ದು, ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದರು. ಮಠದ ಹೊಸ್ತಿಲನ್ನು ದಾಟುವಾಗ ಕೆಲವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಫಕೀರಪ್ಪನ ತಮ್ಮ ಒಂದು ಕಾಲಿಗೆ ಚಪ್ಪಲಿ ಹಾಕಿದ್ದ, ಇನ್ನೊಂದಕ್ಕೆ ಹಾಕಬೇಕಿತ್ತು. ಫಕೀರಪ್ಪ ಹಿಂದಿನಿಂದ ಬಂದು ನಿಂತ.

"ತಮ್ಮಾ, ನಿಂದರು. ನಿನ್ನ ಒಂದ ಮಾತ ಕೇಳೂದೈತಿ."

ಉಳಿದವರು ಅದನ್ನು ಕೇಳಿಸಿಕೊಳ್ಳಬಾರದೆಂದು ಬೇಗ ಬೇಗ ಹೆಜ್ಜೆ ಹಾಕುತ್ತ ತಮ್ಮ ತಮ್ಮ ಮನೆಗಳಿಗೆ ಹೋದರು.